ಬಿಡುವಿಲ್ಲದ ದಿನದಲ್ಲಿ ಪ್ರಾರ್ಥನೆ: ಕ್ರೈಸ್ತ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

1535ರ ಮಾತು. ಜರ್ಮನಿಯ ವಿಟೆನ್‌ಬರ್ಗ್ ಊರಿನಲ್ಲಿ ಪೀಟರ್ ಎಂಬ ಕ್ಷೌರಿಕನಿದ್ದ. ಅವನ ಗಿರಾಕಿಗಳಲ್ಲಿ ಪ್ರೊಟೆಸ್ಟಂಟ್ ಸುಧಾರಣೆಯನ್ನು ಶುರುಮಾಡಿದ ಮಾರ್ಟಿನ್ ಲೂಥರ್ ಕೂಡ ಒಬ್ಬರು. ಪ್ರಾರ್ಥನೆ ಮಾಡುವುದು ಹೇಗೆ ಅಂತ ಅವನು ಕೇಳಿದ್ದಕ್ಕೆ ಲೂಥರ್ ಪತ್ರದ ರೂಪದಲ್ಲಿ ಒಂದು ಪುಟ್ಟ ಹೊತ್ತಿಗೆಯನ್ನೇ ಬರೆದುಕೊಟ್ಟರು. ಅದರಲ್ಲಿ ಅಂಗಡಿ ಮುಚ್ಚಿ ಮಠ ಸೇರು ಅನ್ನುವ ಮಾತಿಲ್ಲ. ಬೆಳಿಗ್ಗೆ ಎದ್ದಾಗ ಮೊದಲ ಕೆಲಸ, ರಾತ್ರಿ ಮಲಗುವಾಗ ಕೊನೆಯ ಕೆಲಸ ಪ್ರಾರ್ಥನೆಯಾಗಲಿ ಎನ್ನುತ್ತಾರೆ. 'ಸ್ವಲ್ಪ ತಾಳು, ಇದೊಂದು ಕೆಲಸ ಮುಗಿಸಿ ಆಮೇಲೆ ಮಾಡೋಣ' ಅನ್ನುವ ಯೋಚನೆಯ ಬಗ್ಗೆ ಹುಷಾರಾಗಿರು ಎನ್ನುತ್ತಾರೆ. ಕ್ಷೌರ ಮಾಡುವವನು ಮಾತಾಡುತ್ತಾ ಎಲ್ಲೋ ನೋಡಿದರೆ ಗಿರಾಕಿಯ ಮೂಗೋ ಗಂಟಲೋ ಕೊಯ್ದುಹೋದೀತು, ಪ್ರಾರ್ಥನೆಯಲ್ಲೂ ಅಷ್ಟೇ ಗಮನ ಬೇಕು ಅಂತ ಅವನ ಕಸುಬನ್ನೇ ಹಿಡಿದು ವಿವರಿಸುತ್ತಾರೆ.

ಈ ಮಾರ್ಗದರ್ಶಿಯೂ ಅಂಥವರಿಗಾಗಿಯೇ. ಬೆಳಿಗ್ಗೆ ಏಳರ ಬಸ್ಸು ಹಿಡಿಯುವವರು, ಹಾಲು ಕರೆದು ಡೈರಿಗೆ ಹಾಕಿ ಬರುವವರು, ನೈಟ್ ಶಿಫ್ಟ್ ನರ್ಸ್, ಎರಡು ಮಕ್ಕಳ ಟಿಫಿನ್ ಡಬ್ಬಿ ಕಟ್ಟುವ ತಾಯಿ. ನೀವು ಕಥೋಲಿಕರಿರಬಹುದು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿರಬಹುದು, ಪೆಂತೆಕೊಸ್ತ್ ಸಭೆಗೆ ಹೋಗುವವರಿರಬಹುದು. ಹೆಚ್ಚುಕಡಿಮೆ ಎಲ್ಲರಿಗೂ ಹೊಂದುವ ವಿಷಯಗಳನ್ನೇ ಆರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾರ್ಥನೆ ಬಾಳಿ ಬರುವುದು ಉತ್ಸಾಹದಿಂದ ಅಲ್ಲ. ಗೊತ್ತಾದ ಹೊತ್ತು ಬೇಕು, ಬಾಯಿಗೆ ಸಿದ್ಧವಾದ ಮಾತು ಬೇಕು, ಒಳಗೊಂದು ಹೊರಗೊಂದು ಇಲ್ಲದ ಮನಸ್ಸು ಬೇಕು.

ಹೆಜ್ಜೆ 1: ಹೊತ್ತು ಗೊತ್ತು ಮಾಡಿಕೊಳ್ಳಿ

'ನಾನು ಯಾವಾಗ್ಲೂ ಮನಸ್ಸಿನಲ್ಲೇ ಪ್ರಾರ್ಥನೆ ಮಾಡ್ತಾ ಇರ್ತೀನಿ' ಎನ್ನುವವರನ್ನು ನೀವೂ ನೋಡಿರುತ್ತೀರಿ. ಕೆಲವರ ಮಟ್ಟಿಗೆ ಅದು ನಿಜ. ಹೆಚ್ಚಿನವರ ಮಟ್ಟಿಗೆ ಅದು ಪ್ರಾರ್ಥನೆ ಮಾಡದೇ ಇರುವುದಕ್ಕೆ ಮರ್ಯಾದೆಯ ಹೆಸರು. ಎಡೆಬಿಡದೆ ಪ್ರಾರ್ಥಿಸಿ ಅಂತ ಪೌಲನು ಥೆಸಲೋನಿಕದವರಿಗೆ ಬರೆದದ್ದು ನಿಜ. ಆದರೆ ಅವನು ಬೆಳೆದ ಪರಂಪರೆಯಲ್ಲಿ ಹೊತ್ತು ಹೊತ್ತಿಗೆ ಪ್ರಾರ್ಥನೆ ಇತ್ತು. ದಾನಿಯೇಲ ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಮುಂದೆ ಮೊಣಕಾಲೂರುತ್ತಿದ್ದ. ಪೇತ್ರ ಯೊಪ್ಪದಲ್ಲಿ ಮಧ್ಯಾಹ್ನ ಮಾಳಿಗೆ ಹತ್ತಿದ್ದು ಪ್ರಾರ್ಥನೆಗೆ. ಅವನೂ ಯೋಹಾನನೂ ದೇವಾಲಯಕ್ಕೆ ಹೋಗುತ್ತಿದ್ದದ್ದು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಯ ಹೊತ್ತಿಗೆ. ಆದಿ ಸಭೆಯ ಕಾಲದ 'ದಿದಾಖೆ' ಎಂಬ ಕಿರುಪುಸ್ತಕ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಅನ್ನುತ್ತದೆ.

ಹಾಗಾದರೆ ಯಾವ ಹೊತ್ತು? ನೀವು ಈಗಾಗಲೇ ದಿನವೂ ತಪ್ಪದೆ ಮಾಡುವ ಒಂದು ಕೆಲಸ ಹುಡುಕಿ. ಸ್ನಾನ ಮುಗಿದ ಮೇಲೆ, ಕಾಫಿ ಲೋಟ ಕೆಳಗಿಟ್ಟ ಮೇಲೆ, ಸ್ಕೂಲ್ ವ್ಯಾನು ಹೋದ ಮೇಲೆ. ಆ ಕೆಲಸದ ಬೆನ್ನಿಗೇ ಪ್ರಾರ್ಥನೆ ಇರಲಿ. 'ಬೆಳಿಗ್ಗೆ ಯಾವಾಗಲಾದರೂ' ಅಂದುಕೊಂಡರೆ ಅದು ನಡೆಯುವುದಿಲ್ಲ.

ಧ್ಯಾನಕೂಟಕ್ಕೆ ಹೋಗಿ ಬಂದ ಹುರುಪಿನಲ್ಲಿ ನಾಲ್ಕು ಗಂಟೆಗೆ ಅಲಾರಂ ಇಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಮೊದಲೇ ನಾಲ್ಕಕ್ಕೆ ಏಳುವವರಾದರೆ ಸರಿ. ಇಲ್ಲದಿದ್ದರೆ ಅದು ಬಾಳುವುದು ಒಂದು ವಾರ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಹೋದರು ಅಂತ ಮಾರ್ಕನ ಮೊದಲ ಅಧ್ಯಾಯದಲ್ಲಿದೆ, ನಿಜ. ಅದರ ಹಿಂದಿನ ವಚನಗಳನ್ನೂ ಓದಿ. ಹಿಂದಿನ ಸಂಜೆ ಊರಿಗೆ ಊರೇ ಮನೆ ಬಾಗಿಲಿಗೆ ಬಂದಿತ್ತು. ಜನರಿಲ್ಲದ ಹೊತ್ತು ಅವರಿಗೆ ಸಿಕ್ಕಿದ್ದು ಅದೊಂದೇ. ನಿಮ್ಮ ಮನೆಯಲ್ಲಿ ಆ ಹೊತ್ತು ಬೆಳಿಗ್ಗೆ ಹತ್ತೂವರೆ ಇರಬಹುದು. ನೈಟ್ ಶಿಫ್ಟ್‌ನವರಿಗೆ ಮಧ್ಯಾಹ್ನ ಎರಡಕ್ಕೆ ಬೆಳಗಾಗುತ್ತದೆ. ಅವರ ಬೆಳಗಿನ ಪ್ರಾರ್ಥನೆ ಆಗಲೇ.

ಎಷ್ಟು ಹೊತ್ತು ಮಾಡಬೇಕು? ಶುರುವಿಗೆ ಹತ್ತು ನಿಮಿಷ ಸಾಕು. ತನಗೆ ತಾನೇ ಬೆಳೆದರೆ ಬೆಳೆಯಲಿ, ತಳ್ಳಬೇಡಿ.

ಹೆಜ್ಜೆ 2: ಜಾಗ, ಮೈ, ಫೋನು

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸು ಎನ್ನುತ್ತದೆ ಮತ್ತಾಯ 6. ಒಂದೇ ಕೋಣೆಯ ಮನೆಯಲ್ಲಿ ಏನು ಮಾಡುವುದು? ಗೋಡೆಗೆ ಮುಖ ಮಾಡಿ ಹಾಕಿದ ಒಂದು ಕುರ್ಚಿ ಸಾಕು. ತಾರಸಿ ಆಗುತ್ತದೆ, ಆಫೀಸು ತಲುಪಿ ನಿಲ್ಲಿಸಿದ ಕಾರೂ ಆಗುತ್ತದೆ. ಕಥೋಲಿಕ ಮನೆಗಳಲ್ಲಿ ಸಾಮಾನ್ಯವಾಗಿ ಪೀಠ, ಯೇಸುವಿನ ತಿರುಹೃದಯದ ಪಟ, ದೀಪ ಇರುತ್ತವೆ. ಪ್ರೊಟೆಸ್ಟಂಟ್ ಮನೆಗಳಲ್ಲಿ ಸತ್ಯವೇದ ಇಟ್ಟ ಮೇಜು ಇರುತ್ತದೆ. ಜಾಗ ಬದಲಾಗದೆ ಇದ್ದರೆ ಒಳ್ಳೆಯದು, ಅಷ್ಟೇ.

ಮೊಣಕಾಲೂರಬಹುದು, ನಿಲ್ಲಬಹುದು, ಕೂರಬಹುದು. ಮಂಡಿನೋವು ಇರುವವರು ಕುರ್ಚಿಯಲ್ಲಿ ಕೂತರೆ ದೇವರಿಗೇನೂ ಬೇಜಾರಿಲ್ಲ. ಮಲಗಿಕೊಂಡು ಮಾತ್ರ ಬೇಡ, ನಿದ್ದೆ ಬರುತ್ತದೆ.

ಬಾಯಿ ಬಿಟ್ಟು ಹೇಳಿ. ಪಿಸುಮಾತಾದರೂ ಸರಿ, ತುಟಿ ಅಲ್ಲಾಡಲಿ. ಮನಸ್ಸಿನಲ್ಲೇ ಹೇಳಿಕೊಂಡರೆ ಮೂರನೆಯ ವಾಕ್ಯಕ್ಕೆ ನಾವು ಕರೆಂಟ್ ಬಿಲ್ಲಿನ ಯೋಚನೆಯಲ್ಲಿರುತ್ತೇವೆ. ಶಿಲೋವಿನಲ್ಲಿ ಹನ್ನಳ ತುಟಿ ಮಾತ್ರ ಅಲ್ಲಾಡುತ್ತಿದ್ದದ್ದನ್ನು ನೋಡಿ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ನಿಮ್ಮನ್ನು ನೋಡಿ ಯಾರಾದರೂ ಏನಾದರೂ ಅಂದುಕೊಂಡರೆ ಅಂದುಕೊಳ್ಳಲಿ ಬಿಡಿ.

ಫೋನಿನ ಬೈಬಲ್ ಆ್ಯಪ್ ಒಳ್ಳೆಯದೇ. ಆದರೆ ಕೀರ್ತನೆ ಓದುತ್ತಿರುವಾಗಲೇ ಮೇಲಿನಿಂದ ವಾಟ್ಸಾಪ್ ಸಂದೇಶ ಇಳಿದು ಬರುತ್ತದೆ. ಅಚ್ಚಿನ ಪುಸ್ತಕ ಇಟ್ಟುಕೊಳ್ಳಿ. ಆಗದಿದ್ದರೆ ಆ ಹತ್ತು ನಿಮಿಷ ಫ್ಲೈಟ್ ಮೋಡ್.

ಹೆಜ್ಜೆ 3: ಯೇಸು ಕಲಿಸಿದ ಪ್ರಾರ್ಥನೆಯನ್ನು ಬಿಡಿಬಿಡಿಯಾಗಿ ಹೇಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ. ಈ ಪ್ರಾರ್ಥನೆ ನಮಗೆಲ್ಲ ಬಾಯಿಪಾಠ. ತೊಂದರೆ ಇರುವುದೂ ಅಲ್ಲೇ. ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಲೂಥರ್ ಕ್ಷೌರಿಕನಿಗೆ ಹೇಳಿಕೊಟ್ಟ ದಾರಿ ಇದು: ಒಂದು ಸಾಲು ಹೇಳು, ನಿಲ್ಲು, ಆ ಸಾಲನ್ನು ನಿನ್ನ ಮಾತಿನಲ್ಲಿ ಬಿಡಿಸು, ಆಮೇಲೆ ಮುಂದಿನ ಸಾಲಿಗೆ ಹೋಗು. ಅದನ್ನು ನಮ್ಮ ದಿನಕ್ಕೆ ಹೊಂದಿಸಿದರೆ ಹೀಗಾಗುತ್ತದೆ.

'ಪರಲೋಕದಲ್ಲಿರುವ ನಮ್ಮ ತಂದೆಯೇ' ಅಂದ ಮೇಲೆ ಒಂದೆರಡು ಉಸಿರು ನಿಲ್ಲಿ. ಯಾರ ಮುಂದೆ ಮಾತಾಡುತ್ತಿದ್ದೇನೆ ಅನ್ನುವುದು ಮನಸ್ಸಿಗೆ ಬರಲಿ. ತಂದೆ ಅಂದ ಕೂಡಲೇ ಕುಡಿದು ಹೊಡೆಯುತ್ತಿದ್ದ ಅಪ್ಪನ ಮುಖ ನೆನಪಾಗುವವರೂ ಇದ್ದಾರೆ. ಅಂಥವರು ಲೂಕ 15ರ ತಂದೆಯನ್ನು ನೆನೆಸಿಕೊಳ್ಳಬಹುದು. ಮಗ ಇನ್ನೂ ದೂರದಲ್ಲಿರುವಾಗಲೇ ಓಡಿಬಂದ ತಂದೆ ಅವರು.

'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ.' ಇಲ್ಲಿ ಹೊಗಳಿಕೆಯ ಪಟ್ಟಿ ಬೇಕಿಲ್ಲ. ನನ್ನ ಇವತ್ತಿನ ನಡತೆಯಿಂದ ನಿನ್ನ ಹೆಸರಿಗೆ ಕೆಟ್ಟದ್ದು ಬಾರದಿರಲಿ ಅಂದರೂ ಸಾಕು. ಅಂಗಡಿಯವರಾದರೆ ತೂಕ, ಗುತ್ತಿಗೆದಾರರಾದರೆ ಬಿಲ್ಲು, ಮೇಷ್ಟ್ರಾದರೆ ಮಕ್ಕಳ ಮೇಲಿನ ಕೋಪ. ಅದನ್ನು ಹೆಸರಿಟ್ಟು ಹೇಳಿ.

'ನಿನ್ನ ರಾಜ್ಯವು ಬರಲಿ, ನಿನ್ನ ಚಿತ್ತ ನೆರವೇರಲಿ.' ಊರಿನ, ದೇಶದ ವಿಷಯಗಳು ಇಲ್ಲಿ ಬರಲಿ. ಪೇಪರಿನಲ್ಲಿ ಓದಿದ ಒಂದು ಸುದ್ದಿ, ಬೀದಿಯಲ್ಲಿ ಕಂಡ ಒಂದು ಅನ್ಯಾಯ. ಇವತ್ತು ನೀವು ತೆಗೆದುಕೊಳ್ಳಬೇಕಾದ ತೀರ್ಮಾನವನ್ನೂ ಇಲ್ಲಿಯೇ ಇಡಿ. ಗೆತ್ಸೇಮನೆ ತೋಟದಲ್ಲಿ ಯೇಸು ಹೇಳಿದ್ದು ಇದೇ ಸಾಲನ್ನು. ಅದಕ್ಕೆ ಮುಂಚೆ 'ಈ ಪಾತ್ರೆ ನನ್ನಿಂದ ದಾಟಿಹೋಗಲಿ' ಅಂತ ತಮಗೆ ಬೇಕಾದದ್ದನ್ನು ಮುಚ್ಚುಮರೆ ಇಲ್ಲದೆ ಕೇಳಿದ್ದರು. ಆ ಕ್ರಮ ಮುಖ್ಯ. ನಿಮಗೆ ಏನು ಬೇಕು ಅಂತ ಮೊದಲು ಹೇಳಿ. ಆಮೇಲೆ ನಿನ್ನ ಚಿತ್ತ ಅನ್ನಿ. ಆಸೆಯನ್ನು ಒಳಗೇ ಬಚ್ಚಿಟ್ಟು ಸುಮ್ನೆ ನಿನ್ನ ಚಿತ್ತ ಅನ್ನುವುದು ಪ್ರಾರ್ಥನೆಗಿಂತ ನಾಟಕಕ್ಕೆ ಹತ್ತಿರ.

'ಅನುದಿನದ ಆಹಾರ.' ಬಾಡಿಗೆ, ಇಎಂಐ, ಮಗಳ ಫೀಸು, ಮಳೆ, ಬೋರ್‌ವೆಲ್ಲು ಎಲ್ಲ ಇಲ್ಲಿ ಬರುತ್ತವೆ. ಇಂಥ ಸಣ್ಣ ವಿಷಯಕ್ಕೆ ದೇವರನ್ನು ಕೇಳಬಾರದು ಎನ್ನುವ ದೊಡ್ಡವರಿದ್ದಾರೆ. ಯೇಸುವೇ ಊಟ ಕೇಳಲು ಕಲಿಸಿದ ಮೇಲೆ ಆ ಮಾತಿಗೆ ಜಾಗವಿಲ್ಲ. ಆದರೆ ಕೇಳಿರುವುದು ಇವತ್ತಿನದ್ದು. ಮುಂದಿನ ಹತ್ತು ವರ್ಷದ್ದಲ್ಲ.

'ನಮ್ಮ ತಪ್ಪುಗಳನ್ನು ಕ್ಷಮಿಸು.' ಈ ಪ್ರಾರ್ಥನೆ ಕಲಿಸಿ ಮುಗಿಸಿದ ಕೂಡಲೇ ಯೇಸು ಒಂದೇ ಒಂದು ಸಾಲಿಗೆ ವಾಪಸ್ ಬರುತ್ತಾರೆ. ಅದು ಇದು. ಜನರ ತಪ್ಪುಗಳನ್ನು ನೀವು ಕ್ಷಮಿಸದಿದ್ದರೆ ನಿಮ್ಮದನ್ನೂ ಕ್ಷಮಿಸುವುದಿಲ್ಲ ಅಂತ ಮತ್ತೆ ಬಿಡಿಸಿ ಹೇಳುತ್ತಾರೆ. ಹಾಗಾಗಿ ಇಲ್ಲಿ ಒಬ್ಬರ ಹೆಸರು ಬರಲಿ. ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ಅಣ್ಣ, ಮಾತು ಬಿಟ್ಟ ನಾದಿನಿ. ಇವತ್ತೇ ಕ್ಷಮಿಸಲು ಆಗದಿದ್ದರೆ 'ಕ್ಷಮಿಸುವ ಮನಸ್ಸು ಇನ್ನೂ ಬಂದಿಲ್ಲ, ಕೊಡು' ಅನ್ನಿ. ಕ್ಷಮಿಸುವುದೆಂದರೆ ಹೊಡೆಯುವ ಗಂಡನ ಕೈಗೆ ಮತ್ತೆ ಸಿಗಬೇಕು ಅಂತ ಅಲ್ಲ. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಕೊನೆಯದು ಶೋಧನೆ, ಅಂದರೆ ತಪ್ಪಿಗೆ ಎಳೆಯುವ ಆಸೆ, ಮತ್ತು ಕೇಡು. ಇವತ್ತು ನೀವು ಎಲ್ಲಿ ಜಾರಬಹುದು ಅನ್ನುವುದು ನಿಮಗೆ ಗೊತ್ತಿರುತ್ತದೆ. ಸಂಜೆ ಸ್ನೇಹಿತರ ಬೈಕು ನಿಲ್ಲುವ ಅಂಗಡಿ, ರಾತ್ರಿ ಹನ್ನೊಂದರ ಮೇಲಿನ ಫೋನು, ಆಫೀಸಿನಲ್ಲಿ ನಡೆಯುವ ಲಂಚ. ಹೆಸರು ಹಿಡಿದು ಹೇಳಿ, ಆಮೆನ್ ಅನ್ನಿ.

ಎಲ್ಲ ಸಾಲನ್ನೂ ದಿನವೂ ಬಿಡಿಸಬೇಕಿಲ್ಲ. ಒಂದೇ ಸಾಲಿನಲ್ಲಿ ಮನಸ್ಸು ನಿಂತುಬಿಟ್ಟರೆ ಉಳಿದದ್ದನ್ನು ಬಿಟ್ಟು ಅಲ್ಲೇ ನಿಲ್ಲು ಅಂತ ಲೂಥರ್ ಕೂಡ ಪೀಟರ್‌ಗೆ ಹೇಳುತ್ತಾರೆ.

ಹೆಜ್ಜೆ 4: ಸ್ವಂತ ಮಾತು ಬಾರದಿದ್ದರೆ ಕೀರ್ತನೆ

'ಓದಿ ಹೇಳುವ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ, ಹೃದಯದಿಂದ ಬರಬೇಕು' ಎನ್ನುವುದು ಕೆಲವು ಸಭೆಗಳಲ್ಲಿ ದೊಡ್ಡ ವಾದ. ನಾನು ಒಪ್ಪುವುದಿಲ್ಲ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದ ಕೂಗು 22ನೇ ಕೀರ್ತನೆಯ ಮೊದಲ ಸಾಲು. ಪ್ರಾಣ ಬಿಡುವಾಗ ಆಡಿದ ಮಾತು 31ನೇ ಕೀರ್ತನೆಯದು. ಅಂಥ ಹೊತ್ತಿನಲ್ಲಿ ಅವರೇ ಬಾಯಿಪಾಠದ ಮಾತನ್ನು ಹಿಡಿದುಕೊಂಡರು. ನಾವು ಹಿಡಿದುಕೊಂಡರೆ ಏನು ಕಡಿಮೆಯಾಯಿತು? ಇನ್ನೊಂದು ವಿಷಯ ಗಮನಿಸಿ. ಸ್ವಂತ ಮಾತಿನಲ್ಲೇ ಪ್ರಾರ್ಥಿಸುವವರೂ ಸ್ವಲ್ಪ ದಿನದಲ್ಲಿ ಅದದೇ ವಾಕ್ಯಗಳಿಗೆ ಒಗ್ಗಿಹೋಗಿರುತ್ತಾರೆ. ಕಣ್ಣು ಮುಚ್ಚಿ ಕೇಳಿಸಿಕೊಂಡರೆ ಮುಂದಿನ ವಾಕ್ಯ ಯಾವುದು ಅಂತ ನಾವೇ ಹೇಳಬಹುದು.

ಕೀರ್ತನೆಗಳು 150. ಕ್ರಮವಾಗಿ ಓದಲು ಸುಲಭದ ಲೆಕ್ಕ ಒಂದಿದೆ. ತಾರೀಕು ನೋಡಿ, ಅದಕ್ಕೆ 30 ಕೂಡಿಸುತ್ತಾ ಹೋಗಿ. 7ನೇ ತಾರೀಕಾದರೆ 7, 37, 67, 97, 127. ಐದರ ಮೇಲೂ ಕಣ್ಣಾಡಿಸಿ, ಅವತ್ತಿನ ನಿಮ್ಮ ಸ್ಥಿತಿಗೆ ಹೊಂದುವ ಒಂದನ್ನು ಹಿಡಿದು ಪ್ರಾರ್ಥನೆ ಮಾಡಿ. ಒಂದು ತಿಂಗಳಲ್ಲಿ ಎಲ್ಲವೂ ಒಮ್ಮೆ ಕಣ್ಣಿಗೆ ಬೀಳುತ್ತವೆ. 29ನೇ ತಾರೀಕಿನ ಪಾಲಿಗೆ 176 ವಚನಗಳ 119ನೇ ಕೀರ್ತನೆ ಬರುತ್ತದೆ. ಅದನ್ನು 31ಕ್ಕೆ ಇಟ್ಟುಕೊಳ್ಳಿ.

ಕೆಲವು ಕೀರ್ತನೆಗಳ ಪುಟ ಮಡಿಸಿಟ್ಟುಕೊಂಡರೆ ಉಪಯೋಗಕ್ಕೆ ಬರುತ್ತವೆ. ಪ್ರಯಾಣ ಹೊರಡುವಾಗ 121. ತಪ್ಪು ಮಾಡಿ ಮನಸ್ಸು ಕುಟುಕುವಾಗ 51. ಹೆದರಿಕೆಗೆ 27. ಸಂಬಳ ಬಂದ ದಿನ, ಮಗು ಹುಟ್ಟಿದ ದಿನ 103. ನಿದ್ದೆ ಬಾರದಿದ್ದರೆ 4. ಮುದಿತನದ ಚಿಂತೆಗೆ 71. 'ಯೆಹೋವನು ನನಗೆ ಕುರುಬನು' ಎಂಬ 23 ನಿಮಗೆ ಹೇಗೂ ಬಾಯಿಗೆ ಬರುತ್ತದೆ, ಅಲ್ವಾ?

ಇನ್ನು ದೂರುವ ಕೀರ್ತನೆಗಳು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಇವನ್ನು ಓದುವುದು ಅಪರೂಪ. 13ರಲ್ಲಿ ದಾವೀದ ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ನೇರವಾಗಿ ಕೇಳುತ್ತಾನೆ. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲೂ ಸಮಾಧಾನದ ಒಂದು ಸಾಲಿಲ್ಲ. 109ರಲ್ಲಿ ವೈರಿಯ ಮೇಲೆ ಶಾಪಗಳ ಮಳೆಯೇ ಇದೆ. ಇವು ಸತ್ಯವೇದದಲ್ಲಿ ಯಾಕಿವೆ? ನನ್ನ ಪ್ರಕಾರ, ಆ ಕೋಪಕ್ಕೂ ಅಳುವಿಗೂ ಹೋಗಲು ಒಂದು ಜಾಗ ಬೇಕು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹೋಗುವುದಕ್ಕಿಂತ ದೇವರ ಮುಂದೆ ಹೋಗುವುದು ಮೇಲು. ಅಲ್ಲಿ ಬೈದರೆ ಯಾರ ಮನೆಯೂ ಒಡೆಯುವುದಿಲ್ಲ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನ ವಚನದ ಕಾರ್ಡು ಎತ್ತುವ ರೂಢಿ ನಮ್ಮ ಅನೇಕ ಸಭೆಗಳಲ್ಲಿದೆ. ಚೆಂದದ ರೂಢಿ. ಆದರೆ ಸಿಕ್ಕಿದ ಒಂದು ವಚನವನ್ನು ಮಾತ್ರ ಫ್ರಿಜ್ಜಿಗೆ ಅಂಟಿಸಿ ಉಳಿದ ಪುಸ್ತಕ ಮುಚ್ಚಿಟ್ಟರೆ ಅದು ಲಾಟರಿ ಚೀಟಿ ಆಗುತ್ತದೆ. ಕಾರ್ಡಿನಲ್ಲಿರುವ ವಚನದ ಅಧ್ಯಾಯವನ್ನು ಪೂರ್ತಿ ಓದಿ. ಎಷ್ಟೋ ಸಲ ಆ ವಾಗ್ದಾನದ ಪಕ್ಕದಲ್ಲೇ ಒಂದು ಗದರಿಕೆ ಇರುತ್ತದೆ.

ಹೆಜ್ಜೆ 5: ಕೆಲಸದ ನಡುವೆ ಒಂದು ಸಾಲು

ನೆಹೆಮೀಯ ಪರ್ಷಿಯದ ಅರಸನಿಗೆ ದ್ರಾಕ್ಷಾರಸ ಕೊಡುವ ಕೆಲಸದಲ್ಲಿದ್ದ. 'ನಿನಗೇನು ಬೇಕು' ಅಂತ ಅರಸ ಕೇಳಿದ. ಉತ್ತರ ಕೊಡುವ ಮುಂಚಿನ ಗಳಿಗೆಯಲ್ಲಿ ನೆಹೆಮೀಯ ಪರಲೋಕದ ದೇವರನ್ನು ಪ್ರಾರ್ಥಿಸಿದ. ಕಣ್ಣು ಮುಚ್ಚಲಿಲ್ಲ, ಮೊಣಕಾಲೂರಲಿಲ್ಲ. ಅರಸನಿಗೆ ಗೊತ್ತೂ ಆಗಿರಲಿಕ್ಕಿಲ್ಲ. ಕೆಲಸದ ನಡುವಿನ ಪ್ರಾರ್ಥನೆ ಅಂದರೆ ಇಷ್ಟೇ.

ಒಂದೆರಡು ಸಾಲು ಸಿದ್ಧ ಇಟ್ಟುಕೊಳ್ಳಿ. 'ದೇವರೇ, ಬೇಗ ಬಂದು ನನಗೆ ಸಹಾಯ ಮಾಡು' ಎಂಬುದು 70ನೇ ಕೀರ್ತನೆಯ ಶುರು. ಸುಮಾರು 1,600 ವರ್ಷಗಳ ಹಿಂದೆ ಜಾನ್ ಕ್ಯಾಸಿಯನ್ ಎಂಬ ಮಠದ ಗುರು ಈ ಸಾಲನ್ನೇ ದಿನವಿಡೀ ಹೇಳಿಕೊಳ್ಳಿ ಅಂತ ಸನ್ಯಾಸಿಗಳಿಗೆ ಕಲಿಸಿದರು. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ 'ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು' ಎಂಬುದನ್ನು ಉಸಿರಿನ ಜೊತೆಗೇ ಹೇಳುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಮೀಟಿಂಗಿನಲ್ಲಿ ನಾಲಿಗೆ ತುರಿಸುವಾಗ 141ನೇ ಕೀರ್ತನೆಯ ಮಾತು ನೆನೆಯಿರಿ: ನನ್ನ ಬಾಯಿಗೆ ಕಾವಲಿಡು. ಇದು ನನಗೆ ತುಂಬ ಇಷ್ಟದ ಪ್ರಾರ್ಥನೆ. ಬೇರೆಯವರನ್ನು ನನ್ನಿಂದ ಕಾಪಾಡುತ್ತದೆ.

ಕಥೋಲಿಕರಿಗೆ ಗಂಟೆಯ ಸಹಾಯವಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆ ಬಾರಿಸಿದಾಗ ಹೇಳುವ ದೇವದೂತನ ಪ್ರಾರ್ಥನೆ ಅದು. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅದಕ್ಕೆ ಆಮೊರಿ ಎನ್ನುತ್ತಾರೆ. ಗಂಟೆ ಕೇಳದಷ್ಟು ದೂರವಿರುವವರು ಮಧ್ಯಾಹ್ನ ಹನ್ನೆರಡಕ್ಕೆ ಫೋನಿನಲ್ಲಿ ಒಂದು ಸಣ್ಣ ಸದ್ದು ಇಟ್ಟುಕೊಂಡರೂ ಆಯಿತು.

ಊಟದ ಪ್ರಾರ್ಥನೆ ಚಿಕ್ಕದಾಗಿರಲಿ. ಅನ್ನ ಆರಿಹೋಗುವಷ್ಟು ಉದ್ದ ಬೇಡ. ಬೇಯಿಸಿದವರನ್ನು, ಬೆಳೆದವರನ್ನು ಒಂದು ಮಾತಿನಲ್ಲಿ ನೆನೆಯಿರಿ. ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ಅಂದರೆ ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬದಂದು, ಹೊಸ ತೆನೆಗೆ ಆಶೀರ್ವಾದ ಪಡೆದು, ಮನೆಯವರೆಲ್ಲ ಪ್ರಾರ್ಥನೆ ಮಾಡಿ ಅದನ್ನು ಉಣ್ಣುತ್ತಾರೆ. ಅನ್ನ ಹೊಲದಿಂದ ಬರುತ್ತದೆ ಅನ್ನುವುದು ಸಿಟಿಯ ಮಕ್ಕಳಿಗೂ ಆ ದಿನ ಗೊತ್ತಾಗುತ್ತದೆ.

ಹೆಜ್ಜೆ 6: ಬೇರೆಯವರಿಗಾಗಿ

'ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ' ಅಂತ ಹೇಳಿ ಮರೆಯುವುದು ನಮ್ಮೆಲ್ಲರ ರೋಗ. ಮದ್ದು ಸುಲಭ. ಅವರು ಹೇಳಿದ ಗಳಿಗೆಯಲ್ಲೇ ಫೋನ್ ಇಡುವ ಮುಂಚೆ ಎರಡು ವಾಕ್ಯ ಪ್ರಾರ್ಥಿಸಿಬಿಡಿ. ಆಮೇಲೆ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ವಾರದ ದಿನಗಳಿಗೆ ಹೆಸರುಗಳನ್ನು ಹಂಚಿ. ಸೋಮವಾರ ಕುಟುಂಬ, ಮಂಗಳವಾರ ಕಾಯಿಲೆಯವರು, ಬುಧವಾರ ಜೊತೆಗೆ ಕೆಲಸ ಮಾಡುವವರು, ಹೀಗೆ. ಒಂದು ದಿನ ನಿಮಗೆ ಆಗದವರಿಗೂ ಇರಲಿ. ಎಲ್ಲರ ಹೆಸರೂ ದಿನವೂ ಹೇಳಲು ಹೊರಟರೆ ಅದು ಹಾಜರಿ ಪುಸ್ತಕವಾಗುತ್ತದೆ.

ಪ್ರಾರ್ಥನಾ ವಿನಂತಿಯ ವಾಟ್ಸಾಪ್ ಗುಂಪುಗಳ ಬಗ್ಗೆ ಒಂದು ಕಟುವಾದ ಮಾತು. ಯಾರ ಮಗಳ ಮದುವೆ ಮುರಿದುಬಿತ್ತು, ಯಾರಿಗೆ ಯಾವ ಕಾಯಿಲೆ ಅನ್ನುವುದೆಲ್ಲ ಅಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ಊರಾಡುತ್ತದೆ. ಸಂಬಂಧಪಟ್ಟವರನ್ನು ಕೇಳದೆ ಏನನ್ನೂ ಹಾಕಬೇಡಿ. 'ನಮ್ಮ ಸಭೆಯ ಒಂದು ಕುಟುಂಬಕ್ಕಾಗಿ' ಅಂದರೆ ಸಾಕು. ಯಾರು ಅಂತ ದೇವರಿಗೆ ಗೊತ್ತಿರುತ್ತದೆ.

ಹೆಜ್ಜೆ 7: ರಾತ್ರಿ ದಿನದ ಲೆಕ್ಕ

ಜೆಸ್ವಿಟ್ ಸಂಘವನ್ನು ಕಟ್ಟಿದ ಕಥೋಲಿಕ ಸಂತ ಲೊಯೊಲಾದ ಇಗ್ನೇಷಿಯಸ್ ಹೇಳಿಕೊಟ್ಟ ಅಭ್ಯಾಸ ಇದು. ಅವರ ಆಧ್ಯಾತ್ಮಿಕ ಸಾಧನೆಯ ಪುಸ್ತಕ ಅಚ್ಚಾದದ್ದು 1548ರಲ್ಲಿ. ಈಗ ಪ್ರೊಟೆಸ್ಟಂಟರೂ ಇದನ್ನು ಬಳಸುತ್ತಾರೆ. ಐದು ನಿಮಿಷದ ಕೆಲಸ. ಮೊದಲು ದಿನದಲ್ಲಿ ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಹೇಳಿ. ನನ್ನ ದಿನವನ್ನು ಇದ್ದ ಹಾಗೇ ನೋಡಲು ಬೆಳಕು ಕೊಡು ಅನ್ನಿ. ಬೆಳಿಗ್ಗೆ ಎದ್ದಲ್ಲಿಂದ ಗಂಟೆ ಗಂಟೆಯಾಗಿ ದಿನವನ್ನು ದಾಟಿ ಬನ್ನಿ. ತಪ್ಪು ಕಂಡಲ್ಲಿ ಕ್ಷಮೆ ಕೇಳಿ. ನಾಳೆ ಸರಿಪಡಿಸುವ ಒಂದು ವಿಷಯ ಗೊತ್ತು ಮಾಡಿಕೊಳ್ಳಿ. ಕೊನೆಗೆ ಯೇಸು ಕಲಿಸಿದ ಪ್ರಾರ್ಥನೆ.

ಕೃತಜ್ಞತೆಯಿಂದ ಶುರುಮಾಡುವುದನ್ನು ತಪ್ಪಿಸಬೇಡಿ. ತಪ್ಪಿನಿಂದ ಶುರುಮಾಡಿದರೆ ಸೂಕ್ಷ್ಮ ಮನಸ್ಸಿನವರು ರಾತ್ರಿಯಿಡೀ ತಮ್ಮನ್ನೇ ಹಳಿದುಕೊಳ್ಳುತ್ತಾರೆ. 'ನಾನು ಪಾಪಿ' ಅನ್ನುವ ಒಟ್ಟು ಮಾತೂ ಸಾಲದು. 'ಮಧ್ಯಾಹ್ನ ಮನೆ ಕೆಲಸದವಳ ಮೇಲೆ ರೇಗಿದೆ' ಅನ್ನಿ. ಆಗ ಮಾಡಬೇಕಾದ ಕೆಲಸವೂ ಗೊತ್ತಾಗುತ್ತದೆ. ನಾಳೆ ಅವಳ ಹತ್ತಿರ ತಪ್ಪಾಯ್ತು ಅನ್ನಬೇಕು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ಸಮಾಧಾನ ಮಾಡಿಕೋ ಅಂತ ಮತ್ತಾಯ 5ರಲ್ಲಿದೆ. ದೇವರ ಹತ್ತಿರ ಮಾತ್ರ ಕ್ಷಮೆ ಕೇಳಿ ಮನುಷ್ಯರನ್ನು ಬಿಟ್ಟುಬಿಡುವುದು ಬಹಳ ಸುಲಭದ ದಾರಿ.

ಹೆಜ್ಜೆ 8: ಮನೆಯವರೆಲ್ಲ ಸೇರಿ

ಕುಟುಂಬ ಪ್ರಾರ್ಥನೆಯನ್ನು ಕೆಡಿಸುವುದು ಉದ್ದ. ಹತ್ತು ನಿಮಿಷದಲ್ಲಿ ಮುಗಿಸಿ. ಒಂದು ಹಾಡಿನ ಎರಡು ಚರಣ, ಮಕ್ಕಳಲ್ಲಿ ಒಬ್ಬರು ಓದುವ ಅರ್ಧ ಕೀರ್ತನೆ, 'ಇವತ್ತು ಯಾವುದಕ್ಕೆ ಥ್ಯಾಂಕ್ಸ್?' ಅನ್ನುವುದಕ್ಕೆ ಒಬ್ಬೊಬ್ಬರದು ಒಂದು ಮಾತು, ಯಾರಾದರೂ ಒಬ್ಬರ ಚಿಕ್ಕ ಪ್ರಾರ್ಥನೆ, ಎಲ್ಲರೂ ಸೇರಿ ಪರಲೋಕದ ತಂದೆ. ಟಿವಿ ಆರಿಸುವುದಕ್ಕೆ ನಡೆಯುವ ಜಗಳ ಮೊದಲ ತಿಂಗಳು ಇದ್ದೇ ಇರುತ್ತದೆ. ಊಟದ ಮುಂಚೆ ಇಟ್ಟುಕೊಂಡರೆ ಹಸಿವು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಅಪ್ಪ ಅಮ್ಮಂದಿರಿಗೆ ಒಂದು ಎಚ್ಚರಿಕೆ. ಪ್ರಾರ್ಥನೆಯ ನೆಪದಲ್ಲಿ ಮಕ್ಕಳಿಗೆ ಬುದ್ಧಿ ಹೇಳಬೇಡಿ. 'ಕರ್ತನೇ, ಇವನು ಮೊಬೈಲ್ ಬಿಟ್ಟು ಓದುವ ಹಾಗೆ ಮಾಡಪ್ಪಾ' ಅಂತ ಅವನ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಹೇಳಿದರೆ, ಆ ಮಾತು ದೇವರಿಗೆ ಹೇಳಿದ್ದಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹದಿನೈದರ ಹುಡುಗ ಪ್ರಾರ್ಥನೆಗೆ ಬರುವುದನ್ನು ಬಿಡುವುದು ಇಂಥದ್ದಕ್ಕೇ. ಸಣ್ಣ ಮಕ್ಕಳು ನಾಯಿಮರಿಗಾಗಿ ಪ್ರಾರ್ಥಿಸಿದರೆ ನಗಬೇಡಿ, ಆಮೆನ್ ಅನ್ನಿ.

ಕಥೋಲಿಕ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಎಂದರೆ ಜಪಸರ. ಕರಾವಳಿಯ ಕೊಂಕಣಿಗರಿಗೆ ಅದು ತೇರ್ಸ್. ಹೊಸದಾಗಿ ಕಲಿಯುವವರಿಗೆ ಕ್ರಮ ಇದು. ಸರದಲ್ಲಿ 59 ಮಣಿಗಳಿರುತ್ತವೆ. ಶಿಲುಬೆ ಹಿಡಿದು ವಿಶ್ವಾಸ ಸಂಗ್ರಹ ಹೇಳಿ. ಮೊದಲ ಮಣಿಗೆ ಪರಲೋಕದ ತಂದೆ, ನಂತರದ ಮೂರಕ್ಕೆ ನಮೋ ಮರಿಯಾ, ಆಮೇಲೆ ಪಿತನಿಗೂ ಸುತನಿಗೂ ಮಹಿಮೆಯ ಪ್ರಾರ್ಥನೆ. ಮುಂದೆ ಹತ್ತು ಮಣಿಗಳ ಐದು ಗುಂಪು. ಒಂದೊಂದು ಗುಂಪಿಗೆ ಯೇಸುವಿನ ಅಥವಾ ಮರಿಯಳ ಬದುಕಿನ ಒಂದು ಘಟನೆ (ಇದಕ್ಕೆ ರಹಸ್ಯ ಎನ್ನುತ್ತಾರೆ), ಒಂದು ಪರಲೋಕದ ತಂದೆ, ಹತ್ತು ನಮೋ ಮರಿಯಾ, ಒಂದು ಮಹಿಮೆ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದರು. ಒಟ್ಟು ಇಪ್ಪತ್ತು ನಿಮಿಷ ಬೇಕು. ಓಡಿಸಿದರೆ ಹನ್ನೆರಡಕ್ಕೂ ಮುಗಿಯುತ್ತದೆ, ಓಡಿಸಬೇಡಿ. ಐದು ಆಗದ ದಿನ ಒಂದೇ ಗುಂಪನ್ನು ನಿಧಾನವಾಗಿ ಹೇಳಿ. ಕೊನೆಯಲ್ಲಿ ಮಕ್ಕಳು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ ಹಳೆಯ ಮನೆಗಳಲ್ಲಿ ಇನ್ನೂ ಇದೆ. ಮಗ ಕುವೈತಿನಲ್ಲೋ ದುಬೈಯಲ್ಲೋ ಇದ್ದರೆ ವಿಡಿಯೋ ಕಾಲಿನಲ್ಲೇ ಸೇರಿಕೊಳ್ಳುತ್ತಾನೆ. ಎರಡೂ ಕಡೆ ಒಟ್ಟಿಗೆ ಹೇಳಲು ಹೋದರೆ ಧ್ವನಿ ಹಿಂದೆಮುಂದೆ ಆಗಿ ಗಲಿಬಿಲಿ. ಅರ್ಧ ಅವನು ಹೇಳಲಿ, ಉಳಿದರ್ಧ ಮನೆಯವರು.

ಹೆಜ್ಜೆ 9: ಕಾಯಿಲೆ ಬಂದಾಗ, ಉತ್ತರ ಬಾರದಾಗ

ಕಾಯಿಲೆಯವರು ಸಭೆಯ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಲಿ ಎನ್ನುತ್ತಾನೆ ಯಾಕೋಬ. ಪೌಲನ ಜೊತೆಗಿದ್ದ ಲೂಕ ವೈದ್ಯ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಹೇಳಿದ ಮದ್ದು ಸ್ವಲ್ಪ ದ್ರಾಕ್ಷಾರಸ. ಕಥೋಲಿಕ ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ಪ್ರಾರ್ಥನೆ ಮಾಡು, ವೈದ್ಯನಿಗೂ ಜಾಗ ಕೊಡು ಅಂತ ಒಟ್ಟಿಗೇ ಹೇಳುತ್ತದೆ. ಹಾಗಿರುವಾಗ 'ನಂಬಿಕೆ ಇದ್ದರೆ ಮಾತ್ರೆ ಬಿಡಿ' ಎನ್ನುವವರ ಮಾತು ಕೇಳಬೇಡಿ, ಅವರು ಎಷ್ಟೇ ದೊಡ್ಡ ವೇದಿಕೆಯ ಮೇಲಿದ್ದರೂ. ಉಪವಾಸ ಪ್ರಾರ್ಥನೆಗೂ ಇದೇ ಮಾತು. ಸಕ್ಕರೆ ಕಾಯಿಲೆಯವರು, ಬಸುರಿಯರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಟಿವಿ ಬಿಡಬಹುದು.

ಆಸ್ಪತ್ರೆಗೆ ಪ್ರಾರ್ಥನೆ ಮಾಡಲು ಹೋದಾಗ ಮೊದಲು 'ಪ್ರಾರ್ಥನೆ ಮಾಡಲಾ?' ಅಂತ ಕೇಳಿ. ದನಿ ತಗ್ಗಿಸಿ, ಪಕ್ಕದ ಹಾಸಿಗೆಯವರು ಬೇರೆ ಧರ್ಮದವರಿರಬಹುದು, ನಿದ್ದೆಯಲ್ಲಿರಬಹುದು. ಎರಡು ನಿಮಿಷ ಸಾಕು. ಗುಣವಾಗಿಯೇ ಆಗುತ್ತದೆ ಅಂತ ದೇವರ ಪರವಾಗಿ ಮಾತು ಕೊಡಬೇಡಿ.

ಗುಣವಾಗದೇ ಇರುವುದೂ ಉಂಟು. ಪೌಲ ತನ್ನ ಶರೀರದ ಮುಳ್ಳನ್ನು ತೆಗೆದುಬಿಡು ಅಂತ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಗೆತ್ಸೇಮನೆಯಲ್ಲಿ ಯೇಸು ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದರು ಅಂತ ಮತ್ತಾಯ ಬರೆಯುತ್ತಾನೆ. ಪಾತ್ರೆ ದಾಟಿಹೋಗಲಿಲ್ಲ. ಹೀಗಿರುವಾಗ, ಮಗು ತೀರಿಕೊಂಡ ಮನೆಯಲ್ಲಿ 'ನಿಮ್ಮ ನಂಬಿಕೆ ಸಾಲದೇ ಹೋಯಿತು' ಅನ್ನುವುದು ಕ್ರೂರ ಮಾತು, ಸುಳ್ಳು ಮಾತು ಕೂಡ. ಯಾಕೆ ಹೀಗಾಯಿತು ಅನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಂಥ ಮನೆಯಲ್ಲಿ 88ನೇ ಕೀರ್ತನೆ ಓದಬಹುದು, ಇಲ್ಲವೇ ಸುಮ್ಮನೆ ಪಕ್ಕದಲ್ಲಿ ಕೂರಬಹುದು. ಹೇಗೆ ಬೇಡಿಕೊಳ್ಳಬೇಕೋ ಗೊತ್ತಾಗದಾಗ ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎನ್ನುತ್ತದೆ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ. ಮನೆಯವರಿಗೆ ಪ್ರಾರ್ಥನೆ ಮಾಡಲು ಆಗದಿದ್ದರೆ ಆ ತಿಂಗಳುಗಳಲ್ಲಿ ಅವರ ಬದಲು ಸಭೆ ಪ್ರಾರ್ಥಿಸಲಿ. ಅದರ ಜೊತೆಗೆ ಅಡುಗೆಯನ್ನೂ ಮಾಡಿ ಕಳಿಸಲಿ.

ತಪ್ಪಿಹೋದ ದಿನಗಳಿಗೆ

ಮದುವೆ, ಪರೀಕ್ಷೆ, ಜ್ವರ, ಸುಗ್ಗಿ. ಒಂದು ವಾರ ಪ್ರಾರ್ಥನೆ ತಪ್ಪುತ್ತದೆ, ಆಮೇಲೆ ಒಂದು ತಿಂಗಳು. ಬಿಟ್ಟುಹೋದದ್ದನ್ನೆಲ್ಲ ಒಟ್ಟಿಗೆ ತೀರಿಸಲು ಒಂದು ಗಂಟೆ ಕೂರಬೇಡಿ. ಅದು ಮತ್ತೆ ಬಿಡುವುದಕ್ಕೆ ದಾರಿ. ಓದುವ ಪಟ್ಟಿಯಲ್ಲಿ ಹಿಂದೆ ಹೋಗಬೇಡಿ, ಇವತ್ತಿನ ತಾರೀಕಿನ ಕೀರ್ತನೆ ತೆರೆಯಿರಿ. ಅದೂ ಭಾರ ಅನ್ನಿಸಿದರೆ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕಿಟ್ಟಾಗ ಪರಲೋಕದ ತಂದೆ ಒಂದು ಸಲ, ಮಲಗುವಾಗ ಒಂದು ಸಲ. ಒಂದು ವಾರ ಅಷ್ಟೇ ಇರಲಿ. ಎರಡನೇ ವಾರ ಹತ್ತು ನಿಮಿಷದ ಕುರ್ಚಿಗೆ ವಾಪಸ್ ಬನ್ನಿ. ಆ ಹೊತ್ತೇ ನಿಮ್ಮ ಈಗಿನ ದಿನಚರಿಗೆ ಹೊಂದುತ್ತಿಲ್ಲ ಅಂತ ಕಂಡರೆ ಮೊದಲ ಹೆಜ್ಜೆಗೆ ಹೋಗಿ ಹೊತ್ತು ಬದಲಿಸಿ. ಮಗು ಹುಟ್ಟಿದ ಮೇಲೆ, ಕೆಲಸ ಬದಲಾದ ಮೇಲೆ, ರಿಟೈರ್ ಆದ ಮೇಲೆ ಇದನ್ನು ಹೇಗೂ ಮಾಡಲೇಬೇಕಾಗುತ್ತದೆ.